ಒಡವೆ ಇಡುವ ಪೆಟ್ಟಿಗೆಯಲ್ಲ

೩ ಮಾರ್ಚ್

ಸೋಮವಾರದ ಪದಬಂಧ ಕಟ್ಟುವವರಿಗೆ,
ಪತ್ರಿಕಾ ಕಚೇರಿಯ ಮೂಲಕ.

ಮಾನ್ಯರೆ,

ಕಳೆದ ಶನಿವಾರ ಕನ್ನಡಕದ ಅಂಗಡಿಯವರು ನನ್ನ ಹೊಸ ಕನ್ನಡಕವನ್ನು ನಿಮ್ಮ ಪತ್ರಿಕೆಯ ಹಳೆಯ ಹಾಳೆಯೊಂದರಲ್ಲಿ ಸುತ್ತಿ ಕೊಟ್ಟರು. ಗಾಜು ಸರಿಯಿದೆಯೇ ಎಂದು ನೋಡಲು ಆ ಹಾಳೆಯನ್ನೇ ಓದಿದೆ. ಅದರಲ್ಲಿ ಪದಬಂಧವಿತ್ತು. ಎಡದಿಂದ ಬಲಕ್ಕೆ ಏಳನೆಯ ಸುಳಿವು ಹೀಗಿತ್ತು: ‘ಒಡವೆ ಇಡುವ ಪೆಟ್ಟಿಗೆಯಲ್ಲ, ಆದರೂ ಜನ ಏನೇನೋ ಇಟ್ಟು ಹೋಗುತ್ತಾರೆ (೩).’

ಉತ್ತರ ಮರವೆ. ಬಿಡಿಸಲು ನನಗೆ ಕಷ್ಟವಾಗಲಿಲ್ಲ. ಮರವೆಯನ್ನು ಒಡವೆಯ ಪೆಟ್ಟಿಗೆ ಎಂದುಕೊಂಡ ಘಟನೆ ಈ ಭಾಷೆಯಲ್ಲಿ ಒಂದೇ ಒಂದು ಸಲ ನಡೆದಿದೆ. ನಡೆದದ್ದು ನಾನು ಈಗ ಕುಳಿತು ಬರೆಯುತ್ತಿರುವ ಕೋಣೆಯಲ್ಲಿ.

ಅಕ್ಕಾ, ಇದು ನೀವೇ ಅಲ್ಲವೇ?

ನೀವು ಅವರಲ್ಲದಿದ್ದರೆ ಕ್ಷಮಿಸಬೇಕು. ಹಾಗಿದ್ದಲ್ಲಿ ಈ ಪತ್ರ ಅರ್ಥವಾಗಲು ಇಷ್ಟು ಸಾಕು. ಇದು ನಿಘಂಟಿನ ಕಚೇರಿ. ಏಳು ವರ್ಷದ ಹಿಂದೆ ನಮ್ಮ ‘ಮ’ ಸಂಪುಟ ಹೊರಬಂತು. ಅದರಲ್ಲಿ ಮರನೆಲ್ಲಿಗೂ ಮರಮುಟ್ಟಿಗೂ ನಡುವೆ ‘ಮರಪೆ: ಒಡವೆ ಇಡುವ ಚಿಕ್ಕ ಮರದ ಪೆಟ್ಟಿಗೆ’ ಎಂದು ಅಚ್ಚಾಗಿತ್ತು. ಅಂಥ ಪದವೇ ಇಲ್ಲ. ಹಳೆಯ ಕೈಬರಹದ ಪುಸ್ತಕವೊಂದರಲ್ಲಿ ‘ಒಡವೆಗಳನ್ನೆಲ್ಲ ಮರವೆಯಲ್ಲಿಟ್ಟು ಹೊರಟುಹೋದಳು’ ಎಂಬ ವಾಕ್ಯವಿತ್ತು. ಮರೆತು ಹೋದಳು ಎಂದಷ್ಟೇ ಅದರ ಅರ್ಥ. ನಿಘಂಟಿಗಾಗಿ ಆ ಪದದ ಚೀಟಿ ಬರೆಯುವಾಗ ‘ವೆ’ಯನ್ನು ‘ಪೆ’ ಎಂದು ತಪ್ಪಾಗಿ ಓದಲಾಯಿತು. ನಿವೃತ್ತ ಉಪಾಧ್ಯಾಯರೊಬ್ಬರು ಮೂಲ ಪುಸ್ತಕವನ್ನು ಹಿಡಿದುಕೊಂಡೇ ಪತ್ರಿಕೆಗಳಿಗೆ ಬರೆದರು. ‘ಮರಪೆ ಯಾವ ಅಂಗಡಿಯಲ್ಲಿ ಸಿಗುತ್ತದೆ?’ ಎಂದು ಊರು ನಕ್ಕಿತು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, ಕಚೇರಿಗೆಲ್ಲ ಅಕ್ಕ ಆಗಿದ್ದವರು, ಹತ್ತು ದಿನದೊಳಗೆ ಕೆಲಸ ಬಿಟ್ಟು ಹೋದರು.

ಕೋಣೆಯಲ್ಲಿ ಈಗ ನಾನೊಬ್ಬನೇ. ಹದಿನಾಲ್ಕು ಕಪಾಟು, ಒಂದು ಏಣಿ, ಒಂದು ಕುರ್ಚಿ. ‘ಮ’ ಸಂಪುಟದ ಮರುಮುದ್ರಣ ಆಗಸ್ಟ್ ಕೊನೆಗೆ ಅಚ್ಚಿಗೆ ಹೋಗುತ್ತದೆ. ಸೆಪ್ಟೆಂಬರ್ ಮೂವತ್ತಕ್ಕೆ ಕಚೇರಿ ಮುಚ್ಚುತ್ತದೆ.

ನೀವೇ ಆಗಿದ್ದರೆ ವಿಳಾಸ ತಿಳಿಸಿ.

ಕಪಾಟುಗಳ ನಡುವಿನಿಂದ,
ಅರ್ಧವಿರಾಮ


೨೯ ಮಾರ್ಚ್

ಅರ್ಧವಿರಾಮನಿಗೆ,

ಹೌದು, ನಾನೇ. ನಿನ್ನ ಪತ್ರ ಪತ್ರಿಕೆಯ ಕಚೇರಿಯಲ್ಲಿ ಮೂರು ವಾರ ಮಲಗಿದ್ದು, ಮೇಲೆ ಟೀ ಲೋಟದ ಗುರುತು ಹಾಕಿಸಿಕೊಂಡು ನನಗೆ ತಲುಪಿದೆ.

ನಾನು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಕೆಳಗಿನ ಶಾಖಕ್ಕೆ ನೆಲ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಅದು ವರ, ಉಳಿದ ಕಾಲದಲ್ಲಿ ಶಾಪ. ಇಲ್ಲಿ ನನ್ನನ್ನು ಅಕ್ಕ ಎನ್ನುವವರಿಲ್ಲ. ಇಸ್ತ್ರಿಯವನು ‘ಪದಬಂಧದಮ್ಮ’ ಎನ್ನುತ್ತಾನೆ. ವಾರದಲ್ಲಿ ನಾನು ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಅವನ ಜೊತೆಗೇ. ಮೊನ್ನೆ ಅಂಗಿಯೊಂದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ.

‘ಅಮ್ಮಾ, ನಿಮ್ಮ ಹನ್ನೊಂದನೇ ಸುಳಿವು ನನ್ನನ್ನ ಮುಳುಗಿಸ್ತು. ಯೋಚನೆ ಮಾಡ್ತಾ ಪೆಟ್ಟಿಗೆ ಎತ್ತೋದೇ ಮರ್ತೆ. ನೋಡಿ!’

‘ಎಷ್ಟು ಸುಟ್ಟಿದೆ?’

‘ಬೆನ್ನ ಮೇಲೆ, ಪೆಟ್ಟಿಗೆ ಅಳತೆಗೆ ಸರಿಯಾಗಿ.’

‘ಉತ್ತರ ಹೊಳೀತಾ?’

‘ಅದೇನೋ ಹೊಳೀತು. ಗಿರಾಕಿಗೆ ಏನಂತ ಹೇಳ್ಲಿ?’

‘ಬೆನ್ನು ಅವನಿಗೆ ಕಾಣಲ್ಲ ಅಂತ ಹೇಳು.’

ಅವನು ನಕ್ಕ. ಗಿರಾಕಿ ನಗಲಿಲ್ಲವಂತೆ.

ನಿನ್ನ ಪತ್ರದ ವಿಷಯ. ‘ತಪ್ಪಾಗಿ ಓದಲಾಯಿತು’ ಎಂದು ಬರೆದಿದ್ದೀಯ. ಯಾರು ಓದಿದ್ದು? ಕಪಾಟೇ? ಏಣಿಯೇ? ಕರ್ತೃ ಇಲ್ಲದ ವಾಕ್ಯ ಬರೆಯಬೇಡ ಎಂದು ನಿನಗೆ ಹನ್ನೊಂದು ವರ್ಷ ಹೇಳಿದ್ದೇನೆ. ಪತ್ರಿಕೆಯವರಿಗೆ ಅದು ಸರಿ. ಅವರಿಗೆ ಕೊನೆಯ ಕ್ಷಣದಲ್ಲಿ ಹೆಸರು ಸಿಗುವುದಿಲ್ಲ. ನಿನಗೆ ಹೆಸರು ಗೊತ್ತಿದೆ.

ವಿಳಾಸ ಲಕೋಟೆಯ ಹಿಂದೆ ಇದೆ.

ಅಕ್ಕ.


೧೧ ಏಪ್ರಿಲ್

ಅಕ್ಕಾ,

ನಿಮ್ಮ ಅಕ್ಷರ ನೋಡಿ ಪತ್ರವನ್ನು ಓದುವ ಮೊದಲು ಒಂದು ಲೋಟ ನೀರು ಕುಡಿದೆ. ಕೆಳಗೆ ನೀವು ಒತ್ತಿ ಇಟ್ಟ ಚುಕ್ಕಿ ಹಾಳೆಯ ಹಿಂಬದಿಗೂ ಬಂದಿತ್ತು.

ಆ ಚುಕ್ಕಿ ಶುರುವಾದ ದಿನ ನೆನಪಾಯಿತು. ನಮ್ಮಿಬ್ಬರ ಹೆಸರೂ ಒಂದೇ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಹಾಜರಿ ಪುಸ್ತಕದಲ್ಲಿ ನಿಮ್ಮ ಕೆಳಗೆ ನಾನು. ಮೂರನೆಯ ಅಕ್ಷರದಲ್ಲಿ ದಾರಿ ಬೇರೆ: ನಿಮ್ಮ ಹೆಸರಿಗೆ ಹೂವಿನ ಅರ್ಥ, ನನ್ನದಕ್ಕೆ ಬೆಟ್ಟದ ಅರ್ಥ. ಚೀಟಿಯ ಮೂಲೆಯಲ್ಲಿ ಬರೆದವರ ಮೊದಲ ಎರಡಕ್ಷರ ಹಾಕಬೇಕು ಎಂದು ನಿಯಮ ಬಂದಾಗ, ಯಾವುದು ಯಾರ ಚೀಟಿ ಎಂದೇ ತಿಳಿಯದಾಯಿತು. ‘ನಾನು ಹಿರಿಯಳು, ನನಗೆ ಪೂರ್ಣವಿರಾಮ. ನೀನು ಯಾವ ಮಾತನ್ನೂ ಮುಗಿಸೋನಲ್ಲ, ನಿನಗೆ ಅರ್ಧವಿರಾಮ’ ಎಂದು ನೀವು ತೀರ್ಪು ಕೊಟ್ಟಿರಿ. ಅಂದಿನಿಂದ ನನ್ನ ಹೆಸರೇ ಅದಾಯಿತು. ನನ್ನ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು, ಇದ್ದಷ್ಟು ದಿನ.

ಈಗ ಕೆಲಸದ ಮಾತು. ಮರುಮುದ್ರಣಕ್ಕಾಗಿ ‘ಮರ’ ಎಂದು ತೆರೆಯುವ ಪುಟಗಳನ್ನು ಮತ್ತೆ ಓದುತ್ತಿದ್ದೇನೆ. ಮರ, ಮರಣ, ಮರಳು, ಮರಿ, ಮರುಕ, ಮರುಳು, ಮರೆ, ಮರ್ಮ. ಇವುಗಳಲ್ಲಿ ಯಾವುದಕ್ಕೆ ಯಾವುದು ಸಂಬಂಧ ಎಂದು ನೀವು ಹಿಂದೆ ಒಂದು ಟಿಪ್ಪಣಿ ಮಾಡಿದ್ದಿರಿ. ಅದು ಸಿಗುತ್ತಿಲ್ಲ. ನೆನಪಿದ್ದರೆ ಬರೆಯಿರಿ.

ಹಳೆಯ ಮೇಜಿನಿಂದ,
ಅರ್ಧವಿರಾಮ


೨ ಮೇ

ಅರ್ಧವಿರಾಮನಿಗೆ,

‘ಇದ್ದಷ್ಟು ದಿನ.’ ಮೂರು ಸಲ ಓದಿದೆ. ಒಂದು ಸಾವನ್ನು ವಾಕ್ಯದ ಬಾಲಕ್ಕೆ ಕಟ್ಟಿ ಕಳಿಸುತ್ತೀಯಲ್ಲೋ. ಯಾವಾಗ? ಏನಾಗಿತ್ತು? ಅವಳು ಒಂದು ದಿನ ನಿನ್ನ ಊಟದ ಡಬ್ಬಿಯ ಜೊತೆಗೆ ನನಗೂ ಒಂದು ಡಬ್ಬಿ ಕಟ್ಟಿದ್ದಳು. ಅದನ್ನು ತೊಳೆದು ಕೊಡುವ ಮುಂಚೆ ನಾನು ಕೆಲಸ ಬಿಟ್ಟೆ. ಡಬ್ಬಿ ಇನ್ನೂ ನನ್ನ ಬಳಿ ಇದೆ. ಗುಂಡಿಗಳನ್ನು ಹಾಕಿಡುತ್ತೇನೆ.

ಟಿಪ್ಪಣಿ ಕೇಳಿದ್ದೀಯ. ಬರೆದುಕೋ. ಓದುಗರು ನಿಘಂಟಿನಲ್ಲಿ ಅಕ್ಕಪಕ್ಕ ಇರುವ ಪದಗಳನ್ನೆಲ್ಲ ನೆಂಟರು ಎಂದುಕೊಳ್ಳುತ್ತಾರೆ. ಒಂದೇ ಬಾಗಿಲಿನಿಂದ ಒಳಗೆ ಬಂದವರೆಲ್ಲ ಒಂದೇ ಮನೆಯವರಲ್ಲ. ಮರದ ‘ರ’ ಬೇರೆ, ಮರೆಯುವುದರ ‘ರ’ ಬೇರೆ. ಹಳೆಯ ಬರಹದಲ್ಲಿ ಇವೆರಡಕ್ಕೂ ಬೇರೆ ಬೇರೆ ಅಕ್ಷರವಿತ್ತು. ಬರೆಯುವವರಿಗೆ ಬೇಜಾರಾಗಿ ಒಂದೇ ಮಾಡಿದರು. ಅಂದಿನಿಂದ ಮರವೂ ಮರೆವೂ ಒಂದೇ ಬೀದಿಯಲ್ಲಿವೆ, ಮಾತುಕತೆ ಇಲ್ಲ. ಮರಣ ಹೊರಗಿನಿಂದ ಬಂದು ನಡುವೆ ಮನೆ ಮಾಡಿದೆ, ಅದರ ಅಭ್ಯಾಸವೇ ಹಾಗೆ. ಮರಳು ಎಂದರೆ ಹೊಳೆಯ ದಡದಲ್ಲಿ ಬಿದ್ದಿರುವುದು. ಮರಳು ಎಂದರೆ ಹಿಂತಿರುಗಿ ಬಾ ಎಂದೂ ಆಗುತ್ತದೆ. ಎರಡನ್ನೂ ಒಂದೇ ನಮೂದಿನಲ್ಲಿ ಹಾಕಿ ಹಳೆಯ ನಿರ್ದೇಶಕ ಸಂಪುಟರ ಕೈಲಿ ಬೈಸಿಕೊಂಡದ್ದು ನೀನೇ, ನೆನಪಿರಬೇಕು.

ಮರಗಟ್ಟು ಎಂಬುದನ್ನು ಬಿಟ್ಟಿದ್ದೀಯ. ಮರದ ಹಾಗಾಗು, ಮುಟ್ಟಿದ್ದು ತಿಳಿಯದ ಹಾಗಾಗು. ಪ್ರಯೋಗ ಬೇಕಿದ್ದರೆ ತೆಗೆದುಕೋ: ‘ಬೆಳಿಗ್ಗೆ ಎದ್ದಾಗ ಬಲಗೈಯ ಎರಡು ಬೆರಳು ಮರಗಟ್ಟಿರುತ್ತವೆ.’ ವೈದ್ಯೆ ಬರೆಯುವುದನ್ನು ಕಡಿಮೆ ಮಾಡಿ ಎಂದಿದ್ದಾಳೆ. ವಾರಕ್ಕೆ ಒಂದು ಪದಬಂಧ, ತಿಂಗಳಿಗೆ ಒಂದು ಪತ್ರ. ಇನ್ನೆಷ್ಟು ಕಡಿಮೆ ಮಾಡಲಿ?

ಒಂದು ಮಾತು. ನೀನು ಇಷ್ಟೆಲ್ಲ ಕೇಳಿದೆ. ಮರಪೆಯ ಆ ಚೀಟಿ ಎಲ್ಲಿ ಹೋಯಿತು ಎಂದು ಒಂದು ಸಲವೂ ಕೇಳಿಲ್ಲ.

ಅಕ್ಕ.


೧೭ ಜೂನ್

ಅಕ್ಕಾ,

ಈ ಪತ್ರ ಬರೆಯಲು ಆರು ವಾರ ಹಿಡಿಯಿತು. ಹರಿದದ್ದು ಎಷ್ಟು ಎಂದು ಹೇಳುವುದಿಲ್ಲ.

ನನ್ನ ಹೆಂಡತಿ ಹೋಗಿ ಮೂರು ವರ್ಷವಾಯಿತು. ಹೃದಯದ ತೊಂದರೆ. ನಿಮಗೆ ಬರೆಯಬೇಕೆಂದುಕೊಂಡೆ. ಯಾವ ಮುಖದಿಂದ ಬರೆಯಲಿ? ನಿಮ್ಮ ವಿಷಯ ಅವಳಿಗೂ ನಾನು ನಿಜ ಹೇಳಿರಲಿಲ್ಲ. ‘ಅಕ್ಕ ಯಾಕೆ ಬಿಟ್ಟು ಹೋದ್ರು?’ ಎಂದು ಕೇಳಿದಾಗಲೆಲ್ಲ ‘ಅವರಿಗೆ ಬೇಜಾರಾಗಿತ್ತು’ ಎನ್ನುತ್ತಿದ್ದೆ.

ಕರ್ತೃ ಇರುವ ವಾಕ್ಯಗಳನ್ನು ಬರೆಯುತ್ತೇನೆ. ಆ ಕೈಬರಹದ ಪುಸ್ತಕವನ್ನು ಓದಿದವನು ನಾನು. ‘ವೆ’ಯನ್ನು ‘ಪೆ’ ಎಂದುಕೊಂಡವನು ನಾನು. ಒಡವೆ ಇದೆ, ಮರ ಇದೆ, ಅಂದಮೇಲೆ ಪೆಟ್ಟಿಗೆಯೇ ಇರಬೇಕು ಎಂದು ಅರ್ಥ ಹೊಸೆದವನೂ ನಾನೇ.

ವಿಚಾರಣೆಯ ದಿನ ಚೀಟಿ ಸಿಗಲಿಲ್ಲ. ಅಚ್ಚಿಗೆ ಹೋದ ಪ್ರತಿ ಮಾತ್ರ ಇತ್ತು. ಬೆರಳಚ್ಚು ಮಾಡುತ್ತಿದ್ದಾಕೆ ಚುಕ್ಕಿ, ಬಾಲದ ಚುಕ್ಕಿ ಎಂದು ಭೇದ ಮಾಡುತ್ತಿರಲಿಲ್ಲ. ಎಲ್ಲಕ್ಕೂ ಚುಕ್ಕಿಯೇ. ಆಗಿನ ನಿರ್ದೇಶಕರು, ನಾವು ಸಂಪುಟ ಎನ್ನುತ್ತಿದ್ದ ಆ ದಪ್ಪ ಮನುಷ್ಯ, ಹಾಳೆ ಎತ್ತಿ ಹಿಡಿದು ಕೇಳಿದರು: ‘ಈ ಎರಡಕ್ಷರ ಯಾರದು? ಚುಕ್ಕಿ ಇದೆ. ಚುಕ್ಕಿ ಅಂದ್ರೆ ನೀವೇ ತಾನೇ?’

ನೀವು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ‘ಅಚ್ಚಿನಲ್ಲಿ ಹಾಗಿದೆ’ ಎಂದಿರಿ. ಆಮೇಲೆ ನನ್ನ ಕಡೆ ನೋಡಿದಿರಿ. ಹೂವಿನ ಹೆಸರಿನವರು ಕಲ್ಲಿನ ಹಾಗೆ ಕುಳಿತಿದ್ದಿರಿ. ಬೆಟ್ಟದ ಹೆಸರಿನ ನಾನು ಮೇಜಿನ ಮೇಲಿದ್ದ ವಿಚಾರಣೆಯ ಕಡತದತ್ತ ಕಣ್ಣು ತಿರುಗಿಸಿದೆ. ಹನ್ನೊಂದು ವರ್ಷ ತಾತ್ಕಾಲಿಕ ನೌಕರನಾಗಿದ್ದ ನನ್ನನ್ನು ಕಾಯಂ ಮಾಡುವ ಆದೇಶ ಅದೇ ಮೇಜಿನ ಮೇಲೆ, ಅದೇ ಕಡತದ ಕೆಳಗೆ ಇತ್ತು. ನಾನು ಬಾಯಿ ತೆರೆಯಲಿಲ್ಲ. ಆಗ ನಾನು ಆಡದೇ ಹೋದದ್ದು ಮೂರೇ ಪದ: ‘ಅದು ನನ್ನ ಚೀಟಿ.’

ಉಳಿದ ಪ್ರತಿಗಳಿಗೆಲ್ಲ ಅಂಟಿಸಿದ ತಿದ್ದುಪಡಿ ಚೀಟಿಯಲ್ಲಿ ನಿಮ್ಮ ಎರಡಕ್ಷರ, ನಿಮ್ಮ ಚುಕ್ಕಿ. ಅಂಟು ಹಚ್ಚಿದ್ದು ನಾನು. ಮುನ್ನೂರ ಹನ್ನೆರಡು ಪ್ರತಿ.

ಮರುಮುದ್ರಣದಲ್ಲಿ ಅದನ್ನು ಸರಿಪಡಿಸಬೇಕು ಎಂದು ಈಗಿನ ನಿರ್ದೇಶಕರನ್ನು ಕೇಳಿದೆ. ವಯಸ್ಸಿನಲ್ಲಿ ಚಿಕ್ಕವರು.

‘ಸಾರ್, ಏಳು ವರ್ಷದ ಹಿಂದಿನ ಕಥೆ. ಈಗ ಯಾರಿಗೆ ಬೇಕು?’

‘ನನಗೆ ಬೇಕು.’

‘ಆಧಾರ?’

‘ನಾನೇ ಹೇಳ್ತಾ ಇದ್ದೀನಲ್ಲ.’

‘ನಿಘಂಟಿನವರು ನೀವು. ಪ್ರಯೋಗ ಇಲ್ಲದೆ ಅರ್ಥ ಹಾಕ್ತೀರಾ? ಚೀಟಿ ತನ್ನಿ, ನೋಡೋಣ.’

ಹಾಗಾಗಿ ಈಗ ಕೇಳುತ್ತಿದ್ದೇನೆ. ಕೇಳುವುದಕ್ಕೆ ಏಳು ವರ್ಷ ತಡ. ಆ ಚೀಟಿ ನಿಮ್ಮಲ್ಲಿದೆಯೇ?

ನಿಮ್ಮೆದುರು ನಿಂತ ಹಾಗೆ,
ಅರ್ಧವಿರಾಮ


೨೨ ಜುಲೈ

ಅಕ್ಕಾ,

ನಿಮ್ಮ ಉತ್ತರ ಬಂದಿಲ್ಲ. ಮೂರು ಸೋಮವಾರದ ಪದಬಂಧಗಳನ್ನು ಬಿಡಿಸಿದೆ. ನನಗೆಂದು ಏನೂ ಇರಲಿಲ್ಲ. ಎರಡು ವಾರ ಪದಬಂಧವೇ ಬರಲಿಲ್ಲ. ಬೆರಳುಗಳು ಹೇಗಿವೆಯೋ ಎಂದು ಯೋಚನೆಯಾಯಿತು. ವಿಚಾರಿಸಲು ಯಾರನ್ನು ಕೇಳಲಿ? ಇಸ್ತ್ರಿ ಅಂಗಡಿಗೆ ಫೋನು ಇದೆಯೋ ಇಲ್ಲವೋ.

ಈ ಕೋಣೆಯಲ್ಲಿ ಈಗ ಮಾತಾಡುವುದು ಏಣಿಯೊಂದೇ. ಮೂರನೆಯ ಮೆಟ್ಟಿಲು ಕಿರುಗುಟ್ಟುತ್ತದೆ. ಕೆಲವು ದಿನ ಬೇಕೆಂದೇ ಹತ್ತಿ ಇಳಿಯುತ್ತೇನೆ.

ಚೀಟಿಗೆ ಕಾಯುವುದನ್ನು ಬಿಟ್ಟೆ. ಚೀಟಿ ಇಲ್ಲದಿದ್ದರೆ ನಾನು ಮಾಡಿದ್ದು ಆಗಿಲ್ಲ ಎಂದಾಗುವುದಿಲ್ಲ. ನಿನ್ನೆ ಬರೆದು, ಪೂರ್ತಿ ಹೆಸರಿನಲ್ಲಿ ಸಹಿ ಮಾಡಿ, ನಿರ್ದೇಶಕರ ಮೇಜಿನ ಮೇಲೆ ಇಟ್ಟೆ. ಅವರು ಎರಡು ಸಲ ಓದಿದರು.

‘ಸಾರ್, ಇದು ಅಚ್ಚಾದ್ರೆ ಸಂಪಾದಕರು ಅಂತ ಮೊದಲ ಪುಟದಲ್ಲಿ ನಿಮ್ಮ ಹೆಸರು ಹಾಕೋದು ಕಷ್ಟ ಆಗುತ್ತೆ. ಮೇಲಿನವರು ಒಪ್ಪಲ್ಲ.’

‘ಹಾಕ್ಬೇಡಿ.’

‘ಇಪ್ಪತ್ತು ವರ್ಷದ ಹತ್ತಿರ ದುಡಿದಿದ್ದೀರಿ.’

‘ಹೆಸರು ಒಳಗಿನ ಪುಟದಲ್ಲಿ ಬರುತ್ತಲ್ಲ. ಸಾಕು.’

ಬರೆದದ್ದು ಇದು: ‘ಮರಪೆ ಎಂಬ ಪದ ಇಲ್ಲ. ಮರವೆ ಎಂಬುದನ್ನು ನಾನು ತಪ್ಪಾಗಿ ಓದಿದೆ. ಅರ್ಥವನ್ನು ನಾನೇ ಊಹಿಸಿ ಬರೆದೆ. ಹಿಂದಿನ ತಿದ್ದುಪಡಿಯಲ್ಲಿ ಈ ತಪ್ಪನ್ನು ಹೊತ್ತ ಸಹೋದ್ಯೋಗಿ ಇದಕ್ಕೆ ಹೊಣೆಯಲ್ಲ. ನಾನು ಸುಮ್ಮನಿದ್ದು ಅವರ ಮೇಲೆ ಹೊರಿಸಿದೆ.’

ಕೊನೆಯ ಸಾಲನ್ನು ಮೊದಲು ‘ಹೊರಿಸಲಾಯಿತು’ ಎಂದು ಬರೆದಿದ್ದೆ. ನಿಮ್ಮ ನೆನಪಾಗಿ ತಿದ್ದಿದೆ.

ಉತ್ತರ ಬರೆಯಲೇಬೇಕೆಂದಿಲ್ಲ. ಬೆರಳು ಹೇಗಿದೆ ಎಂದಷ್ಟು ತಿಳಿದರೆ ಸಾಕಿತ್ತು.

ಏಣಿಯ ಪಕ್ಕದಿಂದ,
ಅರ್ಧವಿರಾಮ


೨೪ ಆಗಸ್ಟ್

ಅರ್ಧವಿರಾಮನಿಗೆ,

ಬೆರಳು ಹಾಗೇ ಇದೆ. ಈ ಪತ್ರವನ್ನು ನಾಲ್ಕು ದಿನ ಬರೆದಿದ್ದೇನೆ, ದಿನಕ್ಕೆ ಸ್ವಲ್ಪ ಸ್ವಲ್ಪ. ಅಕ್ಷರ ಸೊಟ್ಟಗಿದ್ದರೆ ‘ವೆ’ಗೆ ‘ಪೆ’ ಓದಬೇಡ.

ಚೀಟಿ ಇದರ ಜೊತೆಗಿದೆ. ಆ ಉಪಾಧ್ಯಾಯರ ಪತ್ರ ಪತ್ರಿಕೆಯಲ್ಲಿ ಬಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ತೆಗೆದಿಟ್ಟುಕೊಂಡೆ. ಮೂಲೆ ನೋಡು. ಚುಕ್ಕಿ, ಅದರ ಕೆಳಗೆ ಬಾಲ. ಚೆನ್ನಾಗಿಯೇ ಬರೆದಿದ್ದೀಯ. ವಿಚಾರಣೆಯ ದಿನ ಅದು ನನ್ನ ಚೀಲದಲ್ಲಿತ್ತು. ತೆಗೆದು ಮೇಜಿನ ಮೇಲೆ ಇಡಬಹುದಿತ್ತು. ಇಡಲಿಲ್ಲ. ಆದೇಶ ಆ ಕಡತದ ಕೆಳಗಿದೆ ಎಂದು ನನಗೂ ಗೊತ್ತಿತ್ತು. ಆದರೆ ನನ್ನನ್ನು ದೇವತೆ ಮಾಡಬೇಡ. ನಾನು ಕಾಯುತ್ತಿದ್ದೆ. ನೀನೇ ಬಾಯಿ ಬಿಡುತ್ತೀಯ ಎಂದು ಆ ಹೊತ್ತು ಕಾದೆ. ಆಮೇಲೆ ಸಂಜೆಗೆ ಮನೆಗೆ ಬರುತ್ತೀಯ ಎಂದು ಕಾದೆ. ಹತ್ತು ದಿನ ಕಾದೆ. ಆಮೇಲೆ ಕಾಯುವುದೇ ಕೆಲಸವಾಯಿತು. ಆ ಪದಬಂಧದ ಸುಳಿವು ಹೊಸದು ಎಂದುಕೊಂಡೆಯಾ? ಏಳು ವರ್ಷದಲ್ಲಿ ಅದನ್ನು ಆರು ಸಲ ಹಾಕಿದ್ದೇನೆ. ಸಂಪಾದಕರು ‘ಅಮ್ಮಾ, ಇದು ಹೋದ ವರ್ಷಾನೂ ಬಂದಿತ್ತು’ ಎಂದು ಗೊಣಗಿದರು. ನೀನು ಬೇರೆ ಪತ್ರಿಕೆ ತರಿಸುವವನು ಎಂಬುದನ್ನೇ ನಾನು ಮರೆತಿದ್ದೆ. ಕನ್ನಡಕದಂಗಡಿಯವನಿಗೆ ನಾನು ಋಣಿ.

ಜೂನ್ ಪತ್ರಕ್ಕೆ ಉತ್ತರ ಬರೆಯದ್ದಕ್ಕೆ ಕಾರಣ ಬೆರಳಲ್ಲ. ಚೀಟಿ ಕೈಗೆ ಬಂದ ಮೇಲೆ ನೀನು ನಿಜ ಹೇಳಿದರೆ ಅದು ಚೀಟಿ ಹೇಳಿದ ನಿಜ. ನೀನು ಹೇಳಿದ್ದು ಬೇಕಿತ್ತು. ಜುಲೈ ಪತ್ರ ಓದಿ ಮಡಚಿಟ್ಟು, ಚೀಟಿಯನ್ನು ಹೊರಗೆ ತೆಗೆದೆ.

ಇನ್ನು ನನ್ನ ಪಾಲಿನದು. ಚೀಟಿಯ ಹಿಂಭಾಗ ನೋಡು. ಸಣ್ಣ ಗೆರೆ ಇದೆಯಲ್ಲ, ಪರಿಶೀಲಿಸಿದ್ದಕ್ಕೆ ನಾನು ಹಾಕುತ್ತಿದ್ದ ಗುರುತು ಅದು. ಅಚ್ಚಿಗೆ ಹೋಗುವ ಮುಂಚೆ ಆ ಪದ ನನ್ನ ಕಣ್ಣಿಗೆ ಬಿದ್ದಿತ್ತು. ಅನುಮಾನವೂ ಬಂದಿತ್ತು. ಮೂಲ ಪುಸ್ತಕ ಮೇಲಿನ ಕಪಾಟಿನಲ್ಲಿತ್ತು, ಏಣಿ ಬೇರೆ ಕಡೆ ಇತ್ತು. ಅಷ್ಟೇ ಆಗಿದ್ದರೆ ಸೋಮಾರಿತನ ಎನ್ನಬಹುದಿತ್ತು. ನಿಜ ಹೇಳುತ್ತೇನೆ, ನನಗೆ ಆ ಪದ ಇಷ್ಟವಾಗಿತ್ತು. ಒಬ್ಬಳು ತನ್ನ ಒಡವೆಗಳನ್ನೆಲ್ಲ ಒಂದು ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಹೊರಟುಹೋದಳು. ಅಂಥ ಪೆಟ್ಟಿಗೆಗೆ ಒಂದು ಹೆಸರು ಇರಲಿ ಎನಿಸಿತು. ಗೆರೆ ಎಳೆದೆ. ನಿನ್ನ ತಿದ್ದುಪಡಿಯಲ್ಲಿ ‘ಇದಕ್ಕೆ ಹೊಣೆಯಲ್ಲ’ ಎಂದು ಬರೆದಿದ್ದೀಯ. ಅಷ್ಟು ಸರಿಯಲ್ಲ. ಓದಿದ್ದು ನೀನು, ಒಪ್ಪಿದ್ದು ನಾನು.

ಈಗ ನಗು. ಇಲ್ಲಿಗೆ ಬಂದ ಮೊದಲ ವರ್ಷ ಪಕ್ಕದ ಬೀದಿಯ ಬಡಗಿಯ ಬಳಿ ಹೋಗಿ ‘ನನಗೊಂದು ಮರಪೆ ಬೇಕು’ ಎಂದೆ. ‘ಹಾಗಂದ್ರೆ?’ ಎಂದ. ನಿಘಂಟಿನ ಪುಟ ತೋರಿಸಿದೆ. ‘ಬುಕ್ಕಲ್ಲೇ ಇದೆಯಲ್ಲಮ್ಮ, ನನಗೇ ಗೊತ್ತಿರ್ಲಿಲ್ಲ ನೋಡಿ’ ಎಂದು ಅಂಗೈಯಗಲದ ಒಂದು ಪೆಟ್ಟಿಗೆ ಮಾಡಿಕೊಟ್ಟ. ಒಡವೆ ನನ್ನಲ್ಲಿಲ್ಲ. ಚೀಟಿ ಇಟ್ಟೆ. ಇಸ್ತ್ರಿಯವನು ಅದನ್ನು ನೋಡಿ ಮಗಳಿಗೊಂದು ಮಾಡಿಸಿದ. ಅವನ ನಾದಿನಿ ಒಂದು. ಈಗ ಬಡಗಿಯ ಫಲಕದಲ್ಲಿ ‘ಮೇಜು, ಕುರ್ಚಿ, ಮರಪೆ ಮಾಡಿಕೊಡಲಾಗುವುದು’ ಎಂದಿದೆ. ಅವನೂ ಕರ್ತೃ ಇಲ್ಲದ ವಾಕ್ಯದವನೇ. ಮೊನ್ನೆ ಇಸ್ತ್ರಿಯವನ ಹೆಂಡತಿ ಮೆಟ್ಟಿಲ ಕೆಳಗಿಂದ ಕೂಗುತ್ತಿದ್ದಳು: ‘ಲೇ, ನನ್ನ ಮರಪೆಲಿ ಕೈ ಹಾಕಿದ್ಯಾರು?’

ಎರಡು ಬೀದಿ, ಆರು ವರ್ಷ. ಇದನ್ನು ಏನು ಮಾಡುತ್ತೀಯೋ ನೋಡು.

ನನ್ನ ಪೆಟ್ಟಿಗೆ ಈಗ ಖಾಲಿ. ಇಷ್ಟು ಹಗುರ ಇದೆ ಎಂದು ತಿಳಿದಿರಲಿಲ್ಲ.

ಅಕ್ಕ.


೬ ಸೆಪ್ಟೆಂಬರ್

ಅಕ್ಕಾ,

ಚೀಟಿ ಬಂತು. ನಿರ್ದೇಶಕರಿಗೆ ತೋರಿಸಲಿಲ್ಲ. ಅವರಿಗೆ ಇನ್ನು ಅದು ಬೇಕಾಗಿಲ್ಲ. ತಿದ್ದುಪಡಿ ನಾನು ಬರೆದ ಹಾಗೆಯೇ ಅಚ್ಚಾಗಿದೆ. ಮೊದಲ ಪುಟದಲ್ಲಿ ಸಂಪಾದಕರ ಜಾಗ ಖಾಲಿ ಬಿಟ್ಟಿದ್ದಾರೆ. ನೋಡಲು ಅಷ್ಟೇನೂ ಕೆಟ್ಟದಾಗಿಲ್ಲ.

ನೀವು ಎಳೆದ ಗೆರೆಯನ್ನು ಬಹಳ ಹೊತ್ತು ನೋಡಿದೆ. ಅದರ ಬಗ್ಗೆ ನಾನು ಯಾರಿಗೂ ಹೇಳುವುದಿಲ್ಲ ಎಂದು ಬರೆಯಲು ಹೊರಟೆ. ಆಮೇಲೆ, ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ಕೆಲಸ ಎಂಬುದು ನೆನಪಾಗಿ ನಾಚಿಕೆಯಾಯಿತು. ಹೇಳಬೇಕೆಂದರೆ ನೀವೇ ಹೇಳಿ, ಯಾವಾಗ ಬೇಕೋ ಆಗ.

‘ಮರಪೆ ಎಂಬ ಪದ ಇಲ್ಲ’ ಎಂದು ಅಚ್ಚು ಹಾಕಿಸಿದ ವಾರವೇ ನೀವು ಆ ಫಲಕದ ಸುದ್ದಿ ಬರೆದಿದ್ದೀರಿ. ನಮ್ಮ ನಿಯಮ ನಿಮಗೆ ಗೊತ್ತಿದೆ: ಜನ ಬಳಸಿದರೆ ಅದು ಪದ. ಆದ್ದರಿಂದ ನಿನ್ನೆ ಹೊಸ ಚೀಟಿ ಬರೆದೆ. ಈ ಕೋಣೆಯಲ್ಲಿ ಬರೆದ ಕೊನೆಯ ಚೀಟಿ ಇದೇ ಆಗುತ್ತದೆ. ಇದರ ಜೊತೆ ಇಟ್ಟಿದ್ದೇನೆ.

ಮರಪೆ (ನಾಮಪದ): ಅಂಗೈಯಗಲದ ಮರದ ಪೆಟ್ಟಿಗೆ.
ಪ್ರಯೋಗ: ‘ನನ್ನ ಮರಪೆಲಿ ಕೈ ಹಾಕಿದ್ಯಾರು?’ (ಆಡುಮಾತು, ಇಸ್ತ್ರಿಯವನ ಹೆಂಡತಿ.)
ಹುಟ್ಟು: ತಪ್ಪು ಓದಿನಿಂದ.

ಬರೆದವರ ಮೂಲೆಯಲ್ಲಿ ಎರಡಕ್ಷರ ಮತ್ತು ನನ್ನ ಅರ್ಧವಿರಾಮ ಇದೆ. ಒಪ್ಪಿದವರ ಮೂಲೆ ಖಾಲಿ. ನಿಮ್ಮ ಚುಕ್ಕಿ ಬೇಕು.

ಮೂವತ್ತರ ಒಳಗೆ ಒಂದು ದಿನ ಬಂದು ಇಲ್ಲೇ ಇಟ್ಟರೆ ಸಂತೋಷ. ಗೋದಾಮಿನಿಂದ ನಿಮ್ಮ ಕುರ್ಚಿಯನ್ನು ತರಿಸಿದ್ದೇನೆ. ಒಂದು ಕಾಲು ಕುಂಟು. ಕೆಳಗೆ ‘ಯ’ ಸಂಪುಟದ ರಟ್ಟು ಕೊಟ್ಟಿದ್ದೇನೆ.

ಎರಡು ಕುರ್ಚಿಯ ಕೋಣೆಯಿಂದ,
ಅರ್ಧವಿರಾಮ


೧೯ ಸೆಪ್ಟೆಂಬರ್

ಅರ್ಧವಿರಾಮನಿಗೆ,

ಚುಕ್ಕಿ ಇಟ್ಟಿದ್ದೇನೆ. ಬೆರಳು ಹಿಡಿತಕ್ಕೆ ಸಿಗದೆ ದೊಡ್ಡದಾಗಿ ಬಿದ್ದಿದೆ. ಚೀಟಿಯನ್ನು ಅದರ ಜಾಗದಲ್ಲಿ ಇಡು: ಮರನೆಲ್ಲಿಯ ನಂತರ, ಮರಮುಟ್ಟಿನ ಮೊದಲು.

ನಾನು ಬರುವುದಿಲ್ಲ. ಆ ಕೋಣೆ ನನ್ನ ಕಣ್ಣಲ್ಲಿ ಒಂಬತ್ತು ಕುರ್ಚಿಯದು. ಒಬ್ಬರು ಕೆಮ್ಮುತ್ತಿದ್ದರು, ಒಬ್ಬರು ಗುನುಗುತ್ತಿದ್ದರು, ನೀನು ಪೆನ್ಸಿಲು ಕಚ್ಚುತ್ತಿದ್ದೆ. ಎರಡು ಕುರ್ಚಿ ನೋಡಲು ನನ್ನ ಕೈಲಾಗದು. ಕುಂಟು ಕುರ್ಚಿಗೆ ರಟ್ಟು ಕೊಟ್ಟಿದ್ದಕ್ಕೆ ಸಂತೋಷವಾಯಿತು.

ಮೂವತ್ತರ ಮೇಲೆ ಎಲ್ಲಿಗೆ ಹೋಗುತ್ತೀ ಎಂದು ನೀನು ಬರೆದಿಲ್ಲ. ನಾನು ಕೇಳುವುದೂ ಇಲ್ಲ. ಕೇಳಿದರೆ ‘ನೋಡಲಾಗುವುದು’ ಎಂದು ಬರೆಯುತ್ತೀಯ. ಕೆಲವು ಮಾತು ನನಗೆ ಪತ್ರದಲ್ಲಿ ಬರುವುದಿಲ್ಲ, ಚೌಕದ ಮನೆಗಳಲ್ಲೇ ಸಲೀಸು. ಇಪ್ಪತ್ತೆಂಟರ ಸೋಮವಾರ ಈ ಪತ್ರಿಕೆ ಕೊಂಡುಕೋ. ಮೇಲಿನಿಂದ ಕೆಳಕ್ಕೆ, ನಾಲ್ಕು. ಬೇರೆಯವರಿಗೆ ಅದು ಬರೀ ಪದಬಂಧ.

ನಿನ್ನ ಹೆಂಡತಿಯ ಡಬ್ಬಿಯಿಂದ ಗುಂಡಿಗಳನ್ನು ತೆಗೆದು ಪೆಟ್ಟಿಗೆಗೆ ಹಾಕಿದೆ. ಡಬ್ಬಿ ತೊಳೆದಿಟ್ಟಿದ್ದೇನೆ.

ಅಕ್ಕ.


೨೮ ಸೆಪ್ಟೆಂಬರ್, ಸೋಮವಾರ

ಅಕ್ಕಾ,

ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯೇ ಹೋಗಿ ನಿಂತಿದ್ದೆ. ಪತ್ರಿಕೆಯವನು ‘ಏನ್ ಸಾರ್, ಲಾಟರಿ ಹೊಡೀತಾ?’ ಎಂದ.

ಮೇಲಿನಿಂದ ಕೆಳಕ್ಕೆ, ನಾಲ್ಕು: ‘ಹೊಳೆಯ ದಡದಲ್ಲಿ ರಾಶಿ; ದೂರ ಹೋದವರಿಗೆ ಒಂದೇ ಮಾತು (೩).’

ಅಂಗಡಿಯ ಮುಂದೆಯೇ ಬಿಡಿಸಿದೆ. ಮ, ರ, ಳು. ಪೆನ್ಸಿಲಿನಲ್ಲಿ ಅಲ್ಲ, ಶಾಯಿಯಲ್ಲಿ ತುಂಬಿದೆ. ನಿಮ್ಮ ಸುಳಿವಿನ ನಡುವೆ ನನ್ನ ಗುರುತು ಹಾಕಿದ್ದೀರಿ. ಅಚ್ಚಿನವರು ಈ ಸಲ ಬಾಲವನ್ನು ಬಿಟ್ಟಿಲ್ಲ.

ನಾಡಿದ್ದು ಕಪಾಟುಗಳಿಗೆ ಬೀಗ ಹಾಕಿ ಕೀಲಿ ಒಪ್ಪಿಸುತ್ತೇನೆ. ಏಣಿಯ ಮೂರನೆಯ ಮೆಟ್ಟಿಲು ಒಂದು ಸಲ ಹತ್ತಿ ಇಳಿಯುತ್ತೇನೆ. ಗುರುವಾರ ಬೆಳಿಗ್ಗೆ ಹನ್ನೊಂದರ ಬಸ್ಸು. ಸಂಜೆ ಐದಕ್ಕೆ ನಿಮ್ಮ ಬೀದಿಯ ತುದಿಗೆ ಬರುತ್ತದಂತೆ. ಇಸ್ತ್ರಿ ಅಂಗಡಿ ಕೇಳಿಕೊಂಡು ಬರುತ್ತೇನೆ.

‘ಬಸ್ಸು ತಡವಾದರೆ ಕಾಯಬೇಡಿ’ ಎಂದು ಬರೆದು ಹೊಡೆದು ಹಾಕಿದೆ. ತಡವಾದರೂ ಇನ್ನೊಂದು ಸಲ ಕಾಯಿರಿ;

ಅರ್ಧವಿರಾಮ